ಗುಡಿಸುವವರು ಯಾರು?

“ಕಸ ಬೀಳುತ್ತೆ.” ನಮ್ಮ ಬಡಾವಣೆಯಲ್ಲಿ ಮರಕ್ಕೆ ಮರಣದಂಡನೆ ವಿಧಿಸಲು ಈ ಎರಡು ಮಾತು ಸಾಕು. ಮನೆ ಮುಂದಿನ ಮಣ್ಣಿಗೆಲ್ಲ ಸಿಮೆಂಟು ಬಳಿದು, ಟೈಲ್ಸ್ ಹಾಸಿ, ನಾಲ್ಕು ಪ್ಲಾಸ್ಟಿಕ್ ಕುಂಡದಲ್ಲಿ ಕ್ರೋಟನ್ ಇಟ್ಟರೆ ಗಾರ್ಡನ್ ಆಯಿತು. ಕೇಳಿದರೆ, “ನಿಮಗೇ ಕೆಲಸ ಕಡಿಮೆಯಾಗಲಿ ಅಂತ” ಎನ್ನುತ್ತಾರೆ ಮನೆಯ ಯಜಮಾನರು. ಎಂಥ ಕರುಣೆ! ಒದ್ದೆ ಟವೆಲ್ಲು, ಕುಡಿದಿಟ್ಟ ಕಾಫಿ ಲೋಟ, ಹರಡಿದ ಪೇಪರು ಎತ್ತುವಾಗ ಕಾಣದ ನಮ್ಮ ಸೊಂಟನೋವು ಅಂಗಳದಲ್ಲಿ ಹೂವಿನ ಎಸಳು ಬಿದ್ದಾಗ ಮಾತ್ರ ಕಾಣುತ್ತದೆ. ಪೊರಕೆ ನಮ್ಮ ಕೈಯಲ್ಲಿ, ಕೊಡಲಿಯ ತೀರ್ಮಾನ ಅವರ ಬಾಯಲ್ಲಿ.

ಮೂವತ್ತು-ನಲವತ್ತರ ಸೈಟಿನಲ್ಲಿ ಮರಕ್ಕೆ ಜಾಗವೆಲ್ಲಿ ಎನ್ನುತ್ತೀರಾ? ಕಾರಿಗೆ ಸಿಕ್ಕಿತಲ್ಲ! ಹೊಳೆದಾಸವಾಳ ನಿಮಗೆ ಗೊತ್ತು, ಬೇಸಿಗೆಯಲ್ಲಿ ರಸ್ತೆ ಬದಿಯಲ್ಲಿ ನೇರಳೆ ಹೂ ಹೊತ್ತು ನಿಲ್ಲುವ ದೊಡ್ಡ ಮರ. ಅದರ ಪುಟ್ಟ ತಂಗಿ ಕ್ರೇಪ್ ಮಿರ್ಟಲ್. ಹತ್ತರಿಂದ ಇಪ್ಪತ್ತು ಅಡಿಯೊಳಗೆ ನಿಲ್ಲುತ್ತದೆ. ಸ್ಕೂಲ್ ಡೇಗೆ ನಾವು ಕತ್ತರಿಸುವ ಕ್ರೇಪ್ ಪೇಪರಿನಂತೆ ಸುಕ್ಕುಸುಕ್ಕು ಎಸಳು. ಗುಲಾಬಿ, ನೇರಳೆ, ಬಿಳಿ. ತೊಗಟೆ ಸುಲಿದು ಕಾಂಡ ನುಣುಪಾಗಿ ಹೊಳೆಯುವುದರಿಂದ ಹೂವಿಲ್ಲದಾಗಲೂ ಚೆಂದ. ಲಿನೇಯಸ್ ಸ್ವೀಡನ್ನಿನ ವ್ಯಾಪಾರಿ ಲಾಗರ್‌ಸ್ಟ್ರೋಮನ ಹೆಸರಿನಲ್ಲಿ ಇದನ್ನು ‘ಲಾಗರ್‌ಸ್ಟ್ರೋಮಿಯ ಇಂಡಿಕ’ ಎಂದು ಕರೆದದ್ದು 1759ರಲ್ಲಿ. ಗಿಡದ ಹೆಸರಿಗೂ ಗಂಡಸರೇ ಬೇಕು, ಇರಲಿ.

ಕಡಿಯದವರೂ ಇದನ್ನು ಸುಮ್ಮನೆ ಬಿಡುವುದಿಲ್ಲ. ಹೂ ಬಿಡುವುದು ಆ ವರ್ಷದ ಹೊಸ ಚಿಗುರಿನ ತುದಿಯಲ್ಲಿ. ಇಷ್ಟನ್ನು ಅರ್ಧ ಕೇಳಿಸಿಕೊಂಡು ಪ್ರತಿವರ್ಷ ತೋಳುದಪ್ಪದ ಕೊಂಬೆಗಳನ್ನೇ ಮೊಂಡಾಗಿ ಕತ್ತರಿಸಿಸುತ್ತಾರೆ. ಆಮೇಲೆ ಆ ಗಂಟುಗಳಿಂದ ಕಡ್ಡಿಯಂಥ ಉದ್ದ ಚಿಗುರು ಹೊರಟು, ಮೊದಲ ಮಳೆಗೆ ಹೂವಿನ ಭಾರ ತಾಳದೆ ನೆಲಕ್ಕೆ ಬಾಗುತ್ತವೆ. ಆಗ “ಈ ಜಾತಿಯೇ ಸರಿಯಿಲ್ಲ” ಎಂಬ ದೂರು! ಚಳಿಗಾಲದ ಕೊನೆಯಲ್ಲಿ, ಚಿಗುರುವ ಮೊದಲು, ಒಣಗಿದ್ದು, ಒಂದಕ್ಕೊಂದು ಉಜ್ಜುವ ಕೊಂಬೆ, ಬುಡದಿಂದ ಎದ್ದ ಸಣ್ಣ ಚಿಗುರು ತೆಗೆದರೆ ಸಾಕು. ಬಿಸಿಲು ಮಾತ್ರ ದಿನಕ್ಕೆ ಆರು ಗಂಟೆಯಾದರೂ ಬೇಕು. ನೆರಳಲ್ಲಿ ನೆಟ್ಟರೆ ಎಲೆಗೆ ಬೂದಿರೋಗ ಹತ್ತಿ, ಹೂವೂ ಕಡಿಮೆಯಾಗುತ್ತದೆ.

ಎಸಳು ಉದುರುತ್ತದೆ, ಸುಳ್ಳಲ್ಲ. ಗುಡಿಸಿ ಬುಡಕ್ಕೇ ಹಾಕಿದರೆ ಗೊಬ್ಬರ. ನಮ್ಮ ಮನೆಯಲ್ಲಿ ಅಂಗಳದ ಪೊರಕೆ ಮಗನದು. ಮೊದಮೊದಲು ಬೀದಿಯವರು ನಕ್ಕರು. “ಮೇಡಂ, ಗಂಡುಹುಡುಗನ ಕೈಲಿ ಗುಡಿಸ್ತೀರಾ?” ಎಂದು ಕೇಳಿದವರೂ ಹೆಂಗಸರೇ. ಅದಕ್ಕೇ ಸಿಟ್ಟು ಬರುವುದು.

ಮಳೆ ಶುರುವಾದ ಮೇಲೆ ಪೆನ್ಸಿಲ್ ದಪ್ಪದ ಕಡ್ಡಿ ನೆಟ್ಟರೆ ಬೇರು ಬಿಡುತ್ತದೆ. ಬೇಕಾದವರು ಬನ್ನಿ, ಕೊಡುತ್ತೇನೆ. ಬರುವಾಗ ಯಜಮಾನರನ್ನೂ ಕರೆತನ್ನಿ. ಗುಂಡಿ ತೋಡುವುದು ಹೇಗೆಂದು ಅವರಿಗೇ ಹೇಳಿಕೊಡುತ್ತೇನೆ.