ಕಣ್ಣಿಗೆ ಕನ್ನಡ, ಕಿವಿಗೆ ಕಲಸುಮೇಲೋಗರ

ಕಚೇರಿಯೊಂದರ ಅಂಧ ಗುಮಾಸ್ತರಿಗೆ ವರ್ಗಾವಣೆಯ ಆದೇಶ ಇ-ಮೇಲ್‌ನಲ್ಲಿ ಬಂತು ಎಂದುಕೊಳ್ಳಿ. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಅವರ ಕಂಪ್ಯೂಟರಿನಲ್ಲಿದೆ. ಕಡತ ತೆರೆದು ಕಿವಿಗೊಟ್ಟರೆ ಕೇಳಿಸುವುದು ‘ಪಿ, ಎ, ಪೌಂಡ್, ಎ...’ ಪಕ್ಕದ ಮೇಜಿನವರು ಬಗ್ಗಿ ನೋಡುತ್ತಾರೆ. ಅಲ್ಲಿರುವುದು ಅಚ್ಚುಕಟ್ಟಾದ ಕನ್ನಡ! ‘ಎಲ್ಲಾ ಸರಿಯಾಗೇ ಇದೆಯಲ್ಲ ಸಾರ್’ ಎನ್ನುತ್ತಾರೆ. ಕಂಪ್ಯೂಟರ್ ಕೆಟ್ಟಿಲ್ಲ, ಕಿವಿಯೂ ಕೆಟ್ಟಿಲ್ಲ. ಹಾಗಾದರೆ ಎಡವಟ್ಟು ಎಲ್ಲಿ?

ಕಂಪ್ಯೂಟರಿಗೆ ಅಕ್ಷರದ ಆಕಾರ ಗೊತ್ತಿಲ್ಲ. ಗೊತ್ತಿರುವುದು ಸಂಖ್ಯೆ ಮಾತ್ರ. ಹಿಂದೆ ಒಂದು ಫಾಂಟಿನಲ್ಲಿ ಹೆಚ್ಚೆಂದರೆ 256 ಜಾಗಗಳು. ಅವೆಲ್ಲ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರ, ಚಿಹ್ನೆಗಳ ಪಾಲಾಗಿದ್ದವು. ನಮ್ಮ ತಂತ್ರಜ್ಞರು ಜಾಣತನದಿಂದ ಅದೇ ಜಾಗಗಳಲ್ಲಿ ಕನ್ನಡದ ತುಂಡುಗಳನ್ನು, ಅಂದರೆ ತಲೆಕಟ್ಟು, ಕೊಂಬು, ಒತ್ತುಗಳನ್ನು ಕೂರಿಸಿದರು. 1990ರ ದಶಕದಲ್ಲಿ ಕನ್ನಡ ಕಂಪ್ಯೂಟರಿಗೆ ಬಂದದ್ದು ಬಹುಪಾಲು ಈ ದಾರಿಯಲ್ಲೇ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ‘ಕ’ ಎಂದು ಮೂಡಿದರೂ ಒಳಗೆ ಕುಳಿತಿರುವುದು ಇಂಗ್ಲಿಷಿನ ‘ಪಿ’ ಮತ್ತು ನೆತ್ತಿಯ ಮೇಲೆ ಗೀಟು ಹೊತ್ತ ಒಂದು ‘ಎ’. ಓದುವ ತಂತ್ರಾಂಶ ನೋಡುವುದು ಒಳಗನ್ನೇ. ಪಾಪ, ಅದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ.

ಇದಕ್ಕೆ ಪರಿಹಾರವೇ ಯೂನಿಕೋಡ್. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಈ ಪದ್ಧತಿಯ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಆಗಲೇ ಕನ್ನಡಕ್ಕೂ ಅದರಲ್ಲಿ ಜಾಗವಿತ್ತು. ‘ಕ’ ಅಕ್ಷರದ ಸಂಖ್ಯೆ 3221. ಫಾಂಟ್ ಯಾವುದೇ ಇರಲಿ, ಈ ಸಂಖ್ಯೆ ಕಂಡರೆ ಯಂತ್ರ ‘ಕ’ ಎಂದೇ ಉಚ್ಚರಿಸುತ್ತದೆ.

ಓದುವ ಯಂತ್ರ ಹೊಸದೇನಲ್ಲ. ಅಮೆರಿಕದ ರೇ ಕರ್ಜ್‌ವೈಲ್ ಅಚ್ಚಾದ ಪುಟವನ್ನು ಓದಿ ಹೇಳುವ ಯಂತ್ರವನ್ನು 1976ರಲ್ಲೇ ತೋರಿಸಿದ್ದರು. ಆದರೆ ಅದರ ಬೆಲೆ ಸಾಮಾನ್ಯರ ಕೈಗೆ ಎಟುಕುವಂತಿರಲಿಲ್ಲ. ಮುಂದೆ ಬಂದ ತಂತ್ರಾಂಶಗಳೂ ದುಬಾರಿಯೇ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ‍್ರನ್ ‘ಎನ್‌ವಿಡಿಎ’ ಎಂಬ ತಂತ್ರಾಂಶ ಬರೆಯತೊಡಗಿದರು. ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರೂ ಅಂಧರು. ಅದನ್ನು ಜಗತ್ತಿಗೆ ಪುಕ್ಕಟೆಯಾಗಿ ಕೊಟ್ಟರು. ಅದರೊಂದಿಗೆ ಬರುವ ‘ಇ-ಸ್ಪೀಕ್’ ಧ್ವನಿಗೆ ಕನ್ನಡವೂ ಗೊತ್ತು. ಉಚ್ಚಾರ ತುಸು ಯಾಂತ್ರಿಕ, ನಿಜ. ಆದರೂ ವಿಷಯ ತಿಳಿಯಲು ಅಷ್ಟು ಸಾಕು.

ಇಷ್ಟೆಲ್ಲ ಅಂಗೈಯಲ್ಲಿದ್ದೂ ಗುಮಾಸ್ತರು ಪಕ್ಕದವರ ಬಾಯಿ ನೋಡಬೇಕಾಗಿದೆ. ಪುಟವಿನ್ಯಾಸದ ಕೆಲಸದಲ್ಲಿ ಹಳೆಯ ಫಾಂಟುಗಳು ಇನ್ನೂ ಪೂರ್ತಿ ಮರೆಯಾಗಿಲ್ಲ. ಇನ್ನು ಕೆಲವರು ಯೂನಿಕೋಡಿನಲ್ಲೇ ಬೆರಳಚ್ಚು ಮಾಡಿ, ಮುದ್ರಿಸಿ, ಸಹಿ ಮೊಹರು ಹಾಕಿ, ಮತ್ತೆ ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಆಗ ಉಳಿಯುವುದು ಬರೀ ಚಿತ್ರ. ಅದರಲ್ಲಿ ಅಕ್ಷರವೆಂಬುದೇ ಇಲ್ಲ. ಚಿತ್ರದಿಂದ ಅಕ್ಷರ ಹೆಕ್ಕುವ ತಂತ್ರಾಂಶಗಳಿದ್ದರೂ ಮಸುಕಾದ ಪ್ರತಿಯಲ್ಲಿ ಒತ್ತು ತಪ್ಪಿ ಅರ್ಥ ಕೆಡುತ್ತದೆ. ಕಣ್ಣು ಮಂಜಾದ ಹಿರಿಯರಿಗೂ ಇದು ಕಿರಿಕಿರಿ. ಅಕ್ಷರವಾದರೆ ಮೊಬೈಲಿನಲ್ಲಿ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು, ಸಾಲುಗಳು ಪರದೆಗೆ ಹೊಂದಿಕೊಳ್ಳುತ್ತವೆ. ಚಿತ್ರವನ್ನು ಹಿಗ್ಗಿಸಿದರೆ ಸಾಲಿನ ತುದಿ ಹುಡುಕಿ ಎಡಕ್ಕೂ ಬಲಕ್ಕೂ ಎಳೆದಾಡುತ್ತಿರಬೇಕು.

ಮುದ್ರಣ ಹಾಗೂ ವಿದ್ಯುನ್ಮಾನ ಮಾಧ್ಯಮಗಳ ಮಾಹಿತಿ ಅಂಗವಿಕಲರಿಗೂ ಎಟುಕುವ ರೂಪದಲ್ಲಿರುವಂತೆ ಸರ್ಕಾರ ನೋಡಿಕೊಳ್ಳಬೇಕೆಂದು ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಹೇಳಿದೆ. ಆದರೆ ಕಾಯ್ದೆ ಬಂದು ಬೆರಳಚ್ಚು ಮಾಡುವುದಿಲ್ಲ. ಮಾಡುವವರು ನಾವು ನೀವೇ.

ನೀವು ಕಳಿಸುವ ಕಡತ ಕಿವಿಗೆ ಎಟುಕುತ್ತದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಮೊಬೈಲಿನಲ್ಲಿ ಕಡತವನ್ನು ತೆರೆದು, ಅದರಲ್ಲಿ ನಿಮ್ಮ ಕಣ್ಣಿಗೆ ಕಾಣುತ್ತಿರುವ ಯಾವುದಾದರೂ ಕನ್ನಡ ಪದವನ್ನು ಹುಡುಕಲು ಹೇಳಿ. ಸಿಕ್ಕರೆ ಸರಿ. ಕಣ್ಣೆದುರಿಗಿದ್ದೂ ‘ಇಲ್ಲ’ ಎಂದರೆ ಅಂಧರಿಗೂ ಅದು ಇಲ್ಲ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ; ಅದು ಕೆಲವೇ ನಿಮಿಷದ ಕೆಲಸ. ತಮ್ಮ ವರ್ಗಾವಣೆ ಯಾವ ಊರಿಗೆ ಎಂಬುದನ್ನು ಇಡೀ ಕಚೇರಿಗಿಂತ ಮೊದಲು ತಾವೇ ತಿಳಿಯುವ ಹಕ್ಕು ಆ ಗುಮಾಸ್ತರಿಗೂ ಇದೆ.