ಚಾಚಾ ಅವರ ಕೂಲಿ ಯಾವ ಖಾತೆಗೆ?

ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಒಂದು ಪ್ರಶ್ನೆ ಪದೇ ಪದೇ ಬರುತ್ತದೆ: ಹೊಸ ಯಂತ್ರ ಕೂರಿಸಲು ಕೊಟ್ಟ ಕೂಲಿ ಯಾವ ವೆಚ್ಚ? ಉತ್ತರ ಕಾಮರ್ಸ್‌ನವರಿಗೆಲ್ಲ ಬಾಯಿಪಾಠ. ಅದು ಕ್ಯಾಪಿಟಲ್ ವೆಚ್ಚ, ಕೂಲಿಯ ಖಾತೆಗಲ್ಲ, ಯಂತ್ರದ ಖಾತೆಗೇ ಸೇರಬೇಕು. ಪರೀಕ್ಷೆಯಲ್ಲಿ ನಾನೂ ಹಾಗೇ ಬರೆದು ಅಂಕ ತೆಗೆದುಕೊಂಡಿದ್ದೇನೆ. ಆದರೆ ಈ ವರ್ಷ ಬೆಳ್ಳಾವಿಯ ನಮ್ಮ ಮನೆಯ ಹಿತ್ತಲಲ್ಲಿ ಒಂದು ಅಂಬಾಸಿಡರ್ ಕಾರಿನ ಗೇರ್‌ಬಾಕ್ಸ್ ಬದಲಾಯಿಸುವವರೆಗೂ ಆ ಉತ್ತರ ನನಗೆ ಅರ್ಥವಾಗಿರಲಿಲ್ಲ.

ಕಾರು ನಮ್ಮ ದಾದಾ ಅವರದು. ಡೀಸೆಲ್ ಗಾಡಿ, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಲಿವರ್ ಇರುವ 'ಹ್ಯಾಂಡ್ ಗೇರ್'. ಊರಿನ ಎಷ್ಟೋ ಮದುವೆ, ಎಷ್ಟೋ ಹೆರಿಗೆ ಅದರಲ್ಲೇ ತುಮಕೂರಿಗೆ ಹೋಗಿವೆ. ದಾದಾ ತೀರಿಕೊಂಡ ಮೇಲೆ ಮೂರು ವರ್ಷ ತೆಂಗಿನ ಮರದ ಕೆಳಗೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಎಂಜಿನ್ ಗಟ್ಟಿಯಾಗಿತ್ತು, ತೊಂದರೆ ಗೇರಿನದು. ಈ ಕಾರುಗಳಲ್ಲಿ ಲಿವರ್‌ನಿಂದ ಗೇರ್‌ಬಾಕ್ಸ್‌ವರೆಗೆ ಉದ್ದನೆಯ ಕಂಬಿಗಳಿರುತ್ತವೆ. ಅವುಗಳ ಬುಷ್ ಸವೆದರೆ ಗೇರು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ನಡುರಸ್ತೆಯಲ್ಲಿ ಇಳಿದು, ಬಾನೆಟ್ ಎತ್ತಿ, ಕಂಬಿಯನ್ನು ಕೈಯಿಂದ ಎಳೆದು ಬಿಡಿಸಬೇಕು. ದಾದಾ ಅದನ್ನು ಪಾನ್ ಜಗಿಯುತ್ತಲೇ ಮಾಡುತ್ತಿದ್ದರು. ಈಗ ಒಳಗಿನ ಹಲ್ಲುಗಳೂ ಹೋಗಿದ್ದವು.

ಗುಜರಿಯವನು 32,000 ರೂಪಾಯಿ ಹೇಳಿದ. ಅಬ್ಬಾ ಕೊಟ್ಟೇ ಬಿಡುತ್ತಿದ್ದರು. ಆದರೆ ದಾದಿಗೆ ಮೊಣಕಾಲು ನೋವು, ಬಸ್ ಹತ್ತಲಾಗುವುದಿಲ್ಲ. ತಿಂಗಳಿಗೆ ಎರಡು ಸಲ ತುಮಕೂರಿನ ಡಾಕ್ಟರ್ ಬಳಿ ಹೋಗಿಬರಲು ಬಾಡಿಗೆ ಕಾರಿಗೆ ಒಂದು ಸಲಕ್ಕೆ 900. "ಐದು ಗೇರಿನದು ಕೂರಿಸಿದರೆ ಇನ್ನೂ ಹತ್ತು ವರ್ಷ ಓಡುತ್ತೆ, ಮನೆಯಲ್ಲೇ ಮಾಡೋಣ" ಎಂದರು ಚಾಚಾ. ಅವರಿಗೆ ರಸ್ತೆ ಬದಿಯಲ್ಲಿ ತಗಡಿನ ಶೆಡ್ಡಿನ ಗ್ಯಾರೇಜ್ ಇದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು.

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ನಮೂನೆ. ಹಿಂದೂಸ್ತಾನ್ ಮೋಟಾರ್ಸ್ ಅದನ್ನು ಕೋಲ್ಕತ್ತ ಬಳಿಯ ಉತ್ತರಪಾಡಾದಲ್ಲಿ 2014ರ ಮೇ ತಿಂಗಳವರೆಗೂ ತಯಾರಿಸುತ್ತಿತ್ತು. ಹಳೆಯವಕ್ಕೆಲ್ಲ ನಾಲ್ಕು ಗೇರು. 1990ರ ದಶಕದಲ್ಲಿ ಜಪಾನಿನ ಇಸುಜು ಎಂಜಿನ್ ಜೊತೆಗೆ ಐದು ಗೇರಿನ, ನೆಲದಿಂದ ಲಿವರ್ ಬರುವ ಪೆಟ್ಟಿಗೆ ಬಂತು. ನಾಲ್ಕನೇ ಗೇರಿನಲ್ಲಿ ಎಂಜಿನ್ ಒಂದು ಸುತ್ತು ತಿರುಗಿದರೆ ಹಿಂದಿನ ಶಾಫ್ಟೂ ಒಂದೇ ಸುತ್ತು. ಐದನೆಯದರಲ್ಲಿ ಎಂಜಿನ್ ಅಷ್ಟು ತಿರುಗಬೇಕಿಲ್ಲ, ಅದೇ ವೇಗಕ್ಕೆ ಸದ್ದು ಕಡಿಮೆ, ಡೀಸೆಲ್ಲೂ ಕಡಿಮೆ. ಚಾಚಾ ಕಣ್ಣು ಬಿದ್ದಿದ್ದು ಆ ಪೆಟ್ಟಿಗೆಯ ಮೇಲೆ. ಬೆಂಗಳೂರಿನ ಶಿವಾಜಿನಗರದ ಹಳೇ ಸಾಮಾನಿನ ಅಂಗಡಿಯಲ್ಲಿ 14,000ಕ್ಕೆ ಸಿಕ್ಕಿತು.

ತಂದ ಮೇಲೆ ನೋಡಿದರೆ ಅದು ನಮ್ಮ ಎಂಜಿನ್ನಿಗೆ ಕೂರುವುದಿಲ್ಲ. ಬೋಲ್ಟಿನ ತೂತುಗಳೇ ಬೇರೆ, ಕ್ಲಚ್ ಪ್ಲೇಟಿನೊಳಗೆ ಹೋಗುವ ಶಾಫ್ಟಿನ ಹಲ್ಲೂ ಬೇರೆ. ಚಾಚಾಗೆ ಇದು ಮೊದಲೇ ಗೊತ್ತಿತ್ತಂತೆ, ಅಬ್ಬಾಗೆ ಹೇಳಿರಲಿಲ್ಲ. ಎರಡು ದಾರಿ ಇತ್ತು: ಎಂಜಿನ್ನೂ ಸೇರಿಸಿ ಬದಲಾಯಿಸುವುದು, ಇಲ್ಲವೇ ಎರಡರ ನಡುವೆ ಲೇತಿನಲ್ಲಿ ಒಂದು ಉಕ್ಕಿನ ತಟ್ಟೆ ಮಾಡಿಸಿ ಜೋಡಿಸುವುದು. ಎಂಜಿನ್ ಬದಲಾಯಿಸಿದರೆ ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ಬದಲಾಗುತ್ತದೆ, ಅದಕ್ಕೆ ಆರ್‌ಟಿಒ ಅನುಮತಿ ಬೇಕೇ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಾಯಿಸಬಾರದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಆರ್‌ಸಿಯಲ್ಲಿ ಗೇರ್‌ಬಾಕ್ಸಿಗೆ ಜಾಗವಿಲ್ಲ. ಆದರೂ ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಒಮ್ಮೆ ಕೇಳಿಬರೋಣ ಎಂದು ಹಠ ಹಿಡಿದದ್ದು ನಾನು. ಅಬ್ಬಾ ಹೋಗಿ ಬಂದರು.

ನಂತರ ಒಂಬತ್ತು ಭಾನುವಾರ. ಇದು ಗ್ಯಾರೇಜಿನಲ್ಲಾಗಿದ್ದರೆ ನನಗೆ ಹತ್ತಿರ ಹೋಗಲೂ ಬಿಡುತ್ತಿರಲಿಲ್ಲ. ಹುಡುಗಿ, ರಸ್ತೆ ಬದಿ, ಜನ ನೋಡುತ್ತಾರೆ. ಮನೆಯ ಹಿತ್ತಲಾದ್ದರಿಂದ ಅಮ್ಮಿ ಕೂಡ ಸುಮ್ಮನಿದ್ದರು, ದುಪಟ್ಟಾಗೆ ಗ್ರೀಸ್ ಆದ ದಿನ ಮಾತ್ರ ಬೈದರು. ನನ್ನ ಮೊದಲ ಕೆಲಸ ಬೋಲ್ಟ್ ಕಾಯುವುದು. ಬಿಚ್ಚಿದ ಒಂದೊಂದು ಬೋಲ್ಟನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಮೊಟ್ಟೆ ಟ್ರೇಯ ಒಂದೊಂದು ಗುಳಿಯಲ್ಲಿಟ್ಟು, ಎಲ್ಲಿಯದೆಂದು ಚೀಟಿ ಹಾಕುತ್ತಿದ್ದೆ. ಗಾಡಿಯನ್ನು ಜಾಕ್ ಮೇಲಷ್ಟೇ ನಿಲ್ಲಿಸಿ ಕೆಳಗೆ ಹೋಗಲು ಚಾಚಾ ಯಾರನ್ನೂ ಬಿಡಲಿಲ್ಲ. ನಾಲ್ಕೂ ಕಡೆ ದಪ್ಪ ಮರದ ದಿಮ್ಮಿ ಕೊಟ್ಟ ಮೇಲೇ ಕೆಲಸ. ಸಿಮೆಂಟ್ ಇಟ್ಟಿಗೆ ಇಡೋಣ ಎಂದ ನನ್ನ ತಮ್ಮನಿಗೆ ಕಿವಿ ಹಿಂಡಿದರು. ಅದು ಮುನ್ಸೂಚನೆ ಕೊಡದೆ ಒಡೆಯುತ್ತದಂತೆ.

ತಟ್ಟೆಯ ಅಳತೆ ತೆಗೆದದ್ದು ನಾನು, ಸ್ಕೂಲಿನ ಸ್ಕೇಲಿನಲ್ಲಿ. ಲೇತಿನವರು ಹೇಳಿದಂತೆಯೇ ಮಾಡಿಕೊಟ್ಟರು. ಜೋಡಿಸಿ ಎಂಜಿನ್ ಶುರು ಮಾಡಿದರೆ ಒಳಗಿನಿಂದ ನಾಯಿ ಊಳಿಟ್ಟ ಹಾಗೆ ಸದ್ದು. ಎರಡು ಶಾಫ್ಟುಗಳ ಮಧ್ಯಬಿಂದು ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗ್ ಉಳಿಯುವುದಿಲ್ಲ. ಮತ್ತೆ ಎಲ್ಲ ಬಿಚ್ಚಿ, ವರ್ನಿಯರ್ ಕ್ಯಾಲಿಪರ್ ಎರವಲು ತಂದು, ಚಾಚಾ ಮೂರು ಮೂರು ಸಲ ಅಳೆದರು. ಹಾಳಾದ ಮೊದಲ ತಟ್ಟೆಯ 1,500 ರೂಪಾಯಿ ಯಾವ ಖಾತೆಗೆ ಹಾಕಲಿ ಎಂದು ನಮ್ಮ ಅಕೌಂಟೆನ್ಸಿ ಸರ್ ಅವರನ್ನು ಕೇಳಿದೆ. "ನಿನ್ನ ಖಾತೆಗೆ" ಎಂದರು.

ಲೆಕ್ಕ ಬರೆದದ್ದೂ ನಾನೇ. ಗೇರ್‌ಬಾಕ್ಸ್ 14,000. ಕ್ಲಚ್ ಸೆಟ್ 3,800. ಲೇತ್ ಕೆಲಸ ಎರಡು ಸಲದ್ದೂ ಸೇರಿ 4,500. ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಜೋಡಿಸಿದ್ದು 2,200. ನೆಲದ ತಗಡು ಕೊಯ್ದು ಲಿವರಿಗೆ ಜಾಗ ಮಾಡಿದ ವೆಲ್ಡಿಂಗ್ 1,200. ಆಯಿಲ್ 900. ಬಸ್ಸು, ಚಹಾ, ಚಿಲ್ಲರೆ 1,640. ಒಟ್ಟು 28,240. ಬಾಡಿಗೆ ಕಾರಿನ 1,800 ಉಳಿದು, ಡೀಸೆಲ್ಲಿಗೆ 600 ಹೋದರೂ ತಿಂಗಳಿಗೆ 1,200 ಉಳಿತಾಯ. ಎರಡು ವರ್ಷದಲ್ಲಿ ಹಣ ವಾಪಸ್. ಇನ್ಶೂರೆನ್ಸ್ ಮತ್ತು ಆರ್‌ಸಿ ನವೀಕರಣ ಬೇರೆ, ಅದೇನು ಕಡಿಮೆಯಲ್ಲ: ಹದಿನೈದು ವರ್ಷ ದಾಟಿದ ಕಾರಿಗೆ 600 ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ, ಇಪ್ಪತ್ತು ದಾಟಿದವಕ್ಕೆ ಈಚೆಗೆ ಅದೂ ದುಪ್ಪಟ್ಟಾಗಿದೆ. ಆದರೂ ಅಬ್ಬಾಗೆ ಲೆಕ್ಕ ಹಿಡಿಸಿತು.

ಆಗ ನನಗೆ ಯಂತ್ರದ ಪ್ರಶ್ನೆ ನೆನಪಾಯಿತು. ಚಾಚಾ ಅವರ ಕೂಲಿ ಎಲ್ಲಿ? ಒಂಬತ್ತು ಭಾನುವಾರ, ದಿನಕ್ಕೆ ಆರು ಗಂಟೆ, 54 ಗಂಟೆ. ಗಂಟೆಗೆ 150 ಎಂದರೂ 8,100. ಸೇರಿಸಿದರೆ 36,340, ಎರಡು ವರ್ಷವಲ್ಲ, ಎರಡೂವರೆ. ಊಟದ ಹೊತ್ತಿನಲ್ಲಿ ಇದನ್ನು ಹೇಳಿದೆ. "ಮನೆಯವರಿಗೆ ಎಂಥ ಕೂಲಿ ಬೇಟಾ?" ಎಂದರು ಅಬ್ಬಾ. ಚಾಚಾ ನಕ್ಕು ಇನ್ನೊಂದು ರೊಟ್ಟಿ ತೆಗೆದುಕೊಂಡರು.

ಮರುದಿನ ಅವರ ಗ್ಯಾರೇಜಿನ ಡೈರಿ ಕೇಳಿ ತಂದೆ. ಎರಡು ತಿಂಗಳ ಪುಟ ನೋಡಿದೆ. ಬೇರಿಂಗ್ ಇಷ್ಟು, ಆಯಿಲ್ ಇಷ್ಟು, ಎಲ್ಲ ಅಂಗಡಿಯ ಬೆಲೆಗೇ. ಕೊನೆಯಲ್ಲಿ ಒಂದೇ ಸಾಲು, "ಚಹಾಕ್ಕೆ 100" ಅಥವಾ "ಚಹಾಕ್ಕೆ 200". ದಿನವಿಡೀ ಟ್ರಾಕ್ಟರ್ ಕೆಳಗೆ ಮಲಗಿದ ದಿನಕ್ಕೂ ಅಷ್ಟೇ. ಗುರುತಿನವರಿಗೆ ಅದೂ ಇಲ್ಲ. ಚಾಚಾ ಬಡವರಾಗಿರುವುದು ಅವರ ಕೆಲಸ ಕಡಿಮೆ ದರ್ಜೆಯದ್ದಾದ್ದರಿಂದಲ್ಲ, ಕೂಲಿಯನ್ನು ಅವರು ಬರೆಯುವುದಿಲ್ಲ, ನಾವು ಕೇಳುವುದಿಲ್ಲ.

ಈಗ ನನ್ನ ತಕರಾರು. ನಮ್ಮ ಕಾಲೇಜಿನಲ್ಲಿ ಮೆಕ್ಯಾನಿಕ್, ವೆಲ್ಡರ್, ಪಂಕ್ಚರ್ ಅಂಗಡಿಯವರ ಮಕ್ಕಳು ಬಹಳ ಇದ್ದೇವೆ. ಅಡ್ಮಿಷನ್ ಅರ್ಜಿಯಲ್ಲಿ ಮಾತ್ರ ಎಲ್ಲರೂ 'ಬಿಸಿನೆಸ್'. "ಓದದಿದ್ದರೆ ಗ್ಯಾರೇಜೇ ಗತಿ" ಎಂಬ ಮಾತು ಕ್ಲಾಸಿನಲ್ಲಿ ವಾರಕ್ಕೊಮ್ಮೆಯಾದರೂ ಕೇಳುತ್ತೇವೆ, ಕ್ಷಮಿಸಿ, ಕೆಲವೊಮ್ಮೆ ಮೇಷ್ಟ್ರುಗಳಿಂದಲೂ. ನಾನೇನೂ ಮೇಲಲ್ಲ. ಫಸ್ಟ್ ಪಿಯುಸಿಯ ಮೊದಲ ದಿನ ಚಾಚಾ ಬೈಕಿನಲ್ಲಿ ಬಿಡಲು ಬಂದಾಗ, ಅವರ ಎಣ್ಣೆ ಅಂಗಿ ಕಾಣಬಾರದೆಂದು ಗೇಟಿಗೆ ಮೊದಲೇ, ತಿರುವಿನಲ್ಲೇ ಇಳಿದುಕೊಂಡೆ. ಅವರು ಏನೂ ಕೇಳಲಿಲ್ಲ. ಆಮೇಲೆ ಪ್ರತಿ ಸಲ ತಾವಾಗಿಯೇ ತಿರುವಿನಲ್ಲಿ ನಿಲ್ಲಿಸುತ್ತಾರೆ.

ಸೆಕೆಂಡ್ ಪಿಯುಸಿಯಲ್ಲಿ ನಮಗೆ ಪ್ರಾಜೆಕ್ಟಿಗೆ ಅಂಕವಿದೆ. ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಹಳೇ ಪ್ರಾಜೆಕ್ಟನ್ನೇ ನೀಟಾಗಿ ನಕಲು ಮಾಡಿ, ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು ಕೊಡುತ್ತೇವೆ. ಅದರ ಬದಲು ಒಬ್ಬೊಬ್ಬರೂ ಒಂದು ಗ್ಯಾರೇಜ್, ಟೈಲರ್ ಅಂಗಡಿ ಅಥವಾ ಬೇಕರಿಯ ಎರಡು ತಿಂಗಳ ಲೆಕ್ಕ ಬರೆದುಕೊಡೋಣ, ಮಾಲೀಕರ ಸ್ವಂತ ಕೂಲಿಯನ್ನೂ ಸೇರಿಸಿ. ಸರ್, ಮೇಡಂ ದಯವಿಟ್ಟು ಇದನ್ನು ಯೋಚಿಸಬೇಕು. ಇನ್ನೊಂದು ವಿಷಯ: ಶಾಲೆಯಿಲ್ಲದೆ ಕೆಲಸ ಕಲಿತವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಇದೆ. ನಿಮ್ಮ ಮನೆಯಲ್ಲಿ ಚಾಚಾ, ಮಾಮು ಯಾರಾದರೂ ಇದ್ದರೆ ಹೇಳಿ. ಅರ್ಜಿ ತುಂಬಲು ನಮ್ಮಂಥವರು ಬೇಕಾಗುತ್ತದೆ.

ಕಾರು ಓಡುತ್ತಿದೆ. ನಷ್ಟವೂ ಆಗಿದೆ: ಮುಂದಿನ ಉದ್ದ ಸೀಟಿನಲ್ಲಿ ಚಿಕ್ಕಂದಿನಲ್ಲಿ ನಾನು ದಾದಾ ಮತ್ತು ಅಬ್ಬಾ ನಡುವೆ ಕೂರುತ್ತಿದ್ದೆ, ಅಲ್ಲಿ ಈಗ ಗೇರಿನ ಕೋಲು. ಏರಿನಲ್ಲಿ ಐದನೇ ಗೇರು ಕೆಲಸಕ್ಕೆ ಬಾರದು, ನಮ್ಮ ಎಂಜಿನ್ನಿಗೆ ಅಷ್ಟು ಕಸುವಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಹಾಕಿದಾಗ ಮಾತ್ರ ಸದ್ದು ತಗ್ಗಿ, ಹಿಂದಿನ ಸೀಟಿನಿಂದ ದಾದಿಯ ತಸ್ಬಿ ಮಣಿಯ ಸದ್ದೂ ಕೇಳುತ್ತದೆ. ಓಡಿಸುವುದು ಚಾಚಾ. ನನಗಿನ್ನೂ ಹದಿನೇಳು, ಲೈಸೆನ್ಸ್ ಇಲ್ಲ. (ಬೈಕಿನಲ್ಲಿ ಬರುವ ನಮ್ಮ ಕ್ಲಾಸಿನ ಹುಡುಗರೇ, ಹದಿನೆಂಟಾಗದವರು ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ ದಂಡ 25,000, ಜೈಲಿಗೆ ಹೋಗಬೇಕಾದವರು ನಿಮ್ಮ ಅಬ್ಬಾ.)

ಚಾಚಾ ಹೆಸರಿನಲ್ಲಿ ನಾನು 8,100 ರೂಪಾಯಿಯ ಬಿಲ್ ಬರೆದು ಅಬ್ಬಾ ಅವರ ಮೇಜಿನ ಮೇಲಿಟ್ಟೆ. ಎರಡು ದಿನ ಮಾತಿಲ್ಲ. ಮೂರನೇ ದಿನ 3,000 ಕೊಟ್ಟರು. ಉಳಿದ 5,100 ನನ್ನ ಪುಸ್ತಕದಲ್ಲಿ ಕೊಡಬೇಕಾದ ಬಾಕಿ ಎಂದು ಇದೆ.