ಶಾರ್ಕ್ ಎಣಿಸಿದವರು

ಕೇಪ್‌ಟೌನ್‌ನಿಂದ ರಸ್ತೆಯಲ್ಲಿ ಎರಡು ತಾಸು ಹೋದರೆ ಗಾನ್ಸ್‌ಬಾಯ್ ಎಂಬ ಮೀನುಗಾರರ ಊರು. ಅದರ ಮಗ್ಗುಲಿಗೇ ಕ್ಲೈನ್‌ಬಾಯ್ ಎಂಬ ಪುಟ್ಟ ಬಂದರು. ಅಲ್ಲಿಂದ ದೋಣಿಗಳು ಡೈಯರ್ ದ್ವೀಪದ ಕಡೆಗೆ ಹೊರಡುತ್ತವೆ. ದ್ವೀಪದ ಪಕ್ಕದ ಗೈಸರ್ ಬಂಡೆಯ ಮೇಲೆ ಹತ್ತಾರು ಸಾವಿರ ಸೀಲ್‌ಗಳ ಬಿಡಾರ. ಸೀಲ್ ಮರಿಗಳ ಬೇಟೆಗೆ ಬಿಳಿ ಶಾರ್ಕ್ ಬರುತ್ತಿತ್ತು. ಆ ಶಾರ್ಕನ್ನು ಪಂಜರದೊಳಗೆ ನಿಂತು ನೋಡಲು ದೇಶದೇಶಗಳ ಜನ ಬರುತ್ತಿದ್ದರು.

ಲಂಗರು ಬಿದ್ದ ಮೇಲೆ ಮೊದಲ ಕೆಲಸ ನೀರಿಗೆ ವಾಸನೆ ಹಚ್ಚುವುದು. ಅರೆದ ಬೂತಾಯಿ ಮೀನು, ಮೀನೆಣ್ಣೆ, ಸಮುದ್ರದ ನೀರು ಕಲಸಿದ ಗೊಜ್ಜನ್ನು ಸಿಬ್ಬಂದಿಯೊಬ್ಬ ಬಿಡದೆ ಹೊಯ್ಯುತ್ತಿರುತ್ತಾನೆ. ಎಣ್ಣೆಯ ಜಿಡ್ಡು ನೀರಿನ ಸೆಳೆತದ ಜತೆ ದೂರದವರೆಗೂ ಹರಿಯುತ್ತದೆ. ಇನ್ನೊಬ್ಬನ ಕೈಯಲ್ಲಿ ಹಗ್ಗ. ಅದರ ತುದಿಗೆ ಟ್ಯೂನಾ ಮೀನಿನ ತಲೆ. ಪಂಜರವನ್ನು ದೋಣಿಯ ಪಕ್ಕಕ್ಕೇ ಬಿಗಿದಿರುತ್ತಾರೆ, ಅದರ ಮೇಲ್ತುದಿ ನೀರಿನಿಂದ ಹೊರಗಿರುತ್ತದೆ. ಗಾಳಿಯ ಸಿಲಿಂಡರ್ ಬೇಡ. ದಪ್ಪ ರಬ್ಬರಿನ ಉಡುಪು ತೊಟ್ಟರೂ ಆ ನೀರಿನ ಚಳಿ ಮೈ ಕೊರೆಯುತ್ತದೆ. ‘ಕೆಳಗೆ, ಎಡಕ್ಕೆ!’ ಎಂಬ ಕೂಗು ಕೇಳಿದೊಡನೆ ಉಸಿರು ಕಟ್ಟಿ ಮುಳುಗಬೇಕು. ಹಸಿರು ಮಬ್ಬಿನೊಳಗಿಂದ ನಾಲ್ಕು ಮೀಟರ್ ಉದ್ದದ ಮೈಯೊಂದು ಯಾವ ಅವಸರವೂ ಇಲ್ಲದೆ ಹಾದುಹೋಗುತ್ತದೆ. ಮೂತಿಯ ಮೇಲೆ ಸೂಜಿಯಿಂದ ಚುಚ್ಚಿದಂಥ ಕಪ್ಪು ರಂಧ್ರಗಳು. ಬೇರೆ ಜೀವಿಗಳ ಮೈಯಿಂದ ಹೊಮ್ಮುವ ಅತಿ ಕ್ಷೀಣ ವಿದ್ಯುತ್ತನ್ನೂ ಅದು ಅವುಗಳಿಂದಲೇ ಗುರುತಿಸುತ್ತದೆ. ಕಚ್ಚುವ ಕ್ಷಣದಲ್ಲಿ ಕಣ್ಣುಗುಡ್ಡೆ ಹಿಂದಕ್ಕೆ ಹೊರಳಿ ಬೆಳ್ಳಗಾಗುತ್ತದೆ. ಅದನ್ನು ಕ್ರೌರ್ಯವೆಂದುಕೊಂಡವರು ಬಹಳ. ಒದ್ದಾಡುವ ಬೇಟೆಯಿಂದ ತನ್ನ ಕಣ್ಣಿಗೆ ಪೆಟ್ಟಾಗದಂತೆ ಶಾರ್ಕ್ ಮಾಡಿಕೊಳ್ಳುವ ರಕ್ಷಣೆ ಅದು.

ಈ ಪಂಜರದ ಹಿಂದೆ ರಾಡ್ನಿ ಫಾಕ್ಸ್ ಎಂಬ ಆಸ್ಟ್ರೇಲಿಯನ್ನನ ಹೆಸರಿದೆ. 1963ರ ಡಿಸೆಂಬರ್‌ನಲ್ಲಿ ಈಟಿಯಿಂದ ಮೀನು ಹಿಡಿಯುವ ಸ್ಪರ್ಧೆಯಲ್ಲಿದ್ದಾಗ ಬಿಳಿ ಶಾರ್ಕ್ ಅವರ ಎದೆಗೇ ಬಾಯಿ ಹಾಕಿತು. ಬದುಕಿದ್ದೇ ಪವಾಡ. ಅಂಥವರು ಹಗೆ ಸಾಧಿಸಲಿಲ್ಲ, ಶಾರ್ಕನ್ನು ಹತ್ತಿರದಿಂದ ನೋಡುವ ಪಂಜರ ಮಾಡಿಸಿದರು. ಗಾಯಗೊಂಡ ಮನುಷ್ಯನ ಈ ಕುತೂಹಲಕ್ಕೆ ನನ್ನ ಮನಸ್ಸು ಇಂದಿಗೂ ತಲೆಬಾಗುತ್ತದೆ. 1975ರ ‘ಜಾಸ್’ ಸಿನಿಮಾ ಜಗತ್ತಿಗೆಲ್ಲ ಶಾರ್ಕ್ ಭಯ ಹಂಚಿತು. ಅದರ ಮೂಲ ಕಾದಂಬರಿ ಬರೆದ ಪೀಟರ್ ಬೆಂಚ್ಲಿ ಮುಂದೆ ಶಾರ್ಕ್‌ಗಳ ಉಳಿವಿಗಾಗಿಯೇ ದುಡಿದರು. 1991ರಲ್ಲಿ ದಕ್ಷಿಣ ಆಫ್ರಿಕಾ ಬಿಳಿ ಶಾರ್ಕ್‌ಗೆ ಕಾನೂನಿನ ರಕ್ಷಣೆ ಕೊಟ್ಟಿತು. ಹಾಗೆ ಮಾಡಿದ ಮೊದಲ ದೇಶ ಅದೇ.

ಪಂಜರದ ಪ್ರವಾಸಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಮೀನಿನ ಆಸೆ ತೋರಿಸಿ ಕಾಡುಪ್ರಾಣಿಯನ್ನು ದೋಣಿಯ ಬಳಿ ಸೆಳೆಯುವುದು ಸರಿಯೇ? ನ್ಯೂಜಿಲೆಂಡಿನ ಸ್ಟೂವರ್ಟ್ ದ್ವೀಪದ ಬಳಿ ಪಾವಾ ಚಿಪ್ಪುಜೀವಿ ಹೆಕ್ಕಲು ಮುಳುಗುವವರು, ತಮ್ಮ ಜೀವಕ್ಕೆ ಇದರಿಂದ ಅಪಾಯವೆಂದು ನ್ಯಾಯಾಲಯದ ಮೆಟ್ಟಿಲೇರಿದರು. 2018ರಲ್ಲಿ ಗೆದ್ದರು, ಮರುವರ್ಷ ಸುಪ್ರೀಂ ಕೋರ್ಟಿನಲ್ಲಿ ಸೋತರು. ಮೆಕ್ಸಿಕೋದ ಗ್ವಾಡಲೂಪೆ ದ್ವೀಪದ ಬಳಿ 2019ರಲ್ಲಿ ಶಾರ್ಕ್ ಒಂದು ಪಂಜರದ ಸಂದಿಗೆ ತಲೆ ತೂರಿಸಿ, ಬಿಡಿಸಿಕೊಳ್ಳಲಾಗದೆ ಸತ್ತುಹೋಯಿತು. 2023ರಲ್ಲಿ ಆ ದೇಶ ಅಲ್ಲಿನ ಶಾರ್ಕ್ ಪ್ರವಾಸವನ್ನೇ ನಿಲ್ಲಿಸಿತು. ಶಾರ್ಕ್ ತೂರದಷ್ಟು ಕಿರಿದಾದ ಸಂದಿ, ಕಚ್ಚುವ ಮೊದಲೇ ಆಮಿಷ ಎಳೆದುಕೊಳ್ಳುವ ಕಟ್ಟುನಿಟ್ಟು, ದೋಣಿಗಳ ಸಂಖ್ಯೆಗೆ ಮಿತಿ ಇವಿಷ್ಟೂ ಇಲ್ಲದ ಕಡೆ ನಿಲ್ಲಿಸಿದ್ದೇ ಸರಿ. ಇರುವ ಕಡೆ ನಿಲ್ಲಿಸಬಾರದೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಗಾನ್ಸ್‌ಬಾಯಿಯಲ್ಲಿ ಮುಂದೆ ನಡೆದದ್ದೇ ಅದಕ್ಕೆ ಕಾರಣ.

2017ರಲ್ಲಿ ಅಲ್ಲಿನ ದಡಕ್ಕೆ ಬಿಳಿ ಶಾರ್ಕ್‌ಗಳ ಹೆಣಗಳು ಬಂದು ಬಿದ್ದವು. ಎದೆಯ ಬಳಿ ಸೀಳಿತ್ತು, ಎಣ್ಣೆ ತುಂಬಿದ ಯಕೃತ್ತು ಮಾತ್ರ ಮಾಯವಾಗಿತ್ತು. ಬೇಟೆಯಾಡಿದ್ದು ಓರ್ಕಾ ತಿಮಿಂಗಿಲಗಳು. ಎಡಕ್ಕೊಂದು, ಬಲಕ್ಕೊಂದು ಬಾಗಿದ ಬೆನ್ನ ರೆಕ್ಕೆಯ ಆ ಎರಡು ಗಂಡು ಓರ್ಕಾಗಳಿಗೆ ಪೋರ್ಟ್, ಸ್ಟಾರ್‌ಬೋರ್ಡ್ ಎಂದು ಹೆಸರು. ಅವು ಸುಳಿದಾಗಲೆಲ್ಲ ಬಿಳಿ ಶಾರ್ಕ್‌ಗಳು ವಾರಗಟ್ಟಲೆ, ತಿಂಗಳುಗಟ್ಟಲೆ ಕಾಣಲಿಲ್ಲ.

ಇದು ಜಗತ್ತಿಗೆ ಗೊತ್ತಾದದ್ದು ಹೇಗೆ? ಪಂಜರದ ದೋಣಿಗಳಲ್ಲಿ ಜೀವವಿಜ್ಞಾನಿಗಳೂ ಇದ್ದರು. ಪ್ರತಿ ಪಯಣದಲ್ಲಿ ಎಷ್ಟು ಶಾರ್ಕ್ ಬಂದವು, ಯಾವ ಅಳತೆಯವು, ನೀರು ಎಷ್ಟು ತಿಳಿ, ಎಷ್ಟು ತಣ್ಣಗೆ, ಎಲ್ಲವನ್ನೂ ಬರೆದಿಟ್ಟರು. ಬೆನ್ನ ರೆಕ್ಕೆಯ ಅಂಚಿನ ಕಚ್ಚುಗಳ ಫೋಟೊ ತೆಗೆದು ಒಂದೊಂದನ್ನೂ ಗುರುತಿಟ್ಟರು. ಆಲಿಸನ್ ಟೌನರ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಇಂಥ ದಾಖಲೆ ಆಧಾರವಾಯಿತು. ಯಾವ ಸರ್ಕಾರ ತಾನೇ ವರ್ಷವಿಡೀ, ಅದೇ ಜಾಗದಲ್ಲಿ, ದಿನಕ್ಕೆ ಹಲವು ಸಲ ಶಾರ್ಕ್ ಎಣಿಸಲು ಹಡಗು ಕಳಿಸೀತು? ಪ್ರವಾಸಿಗರ ದುಡ್ಡು ಆ ಕೆಲಸ ನಡೆಸಿತು.

ಎಲ್ಲ ಹೊಣೆಯನ್ನೂ ಎರಡು ಓರ್ಕಾಗಳ ತಲೆಗೆ ಕಟ್ಟಬಾರದೆನ್ನುವ ವಿಜ್ಞಾನಿಗಳೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕಲಾಗದು. ಬಿಳಿ ಶಾರ್ಕಿನ ಆಹಾರವಾದ ಚಿಕ್ಕ ಜಾತಿಯ ಶಾರ್ಕ್‌ಗಳನ್ನು ಮೀನುಗಾರಿಕೆಯ ದೋಣಿಗಳು ಗಾಳದ ಸಾಲು ಹಾಸಿ ಹಿಡಿಯುತ್ತ ಬಂದಿವೆ, ಮಾಂಸ ಆಸ್ಟ್ರೇಲಿಯಕ್ಕೆ ರಫ್ತಾಗುತ್ತದೆ. ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಯಲ್ಲಿ, ಡರ್ಬನ್ನಿನ ಈಜುಗಾರರ ರಕ್ಷಣೆಗೆಂದು 1952ರಲ್ಲಿ ಶುರುವಾದ ಬಲೆಗಳು ಇನ್ನೂ ನೀರಿನಲ್ಲಿವೆ. ಹೆಣ್ಣು ಬಿಳಿ ಶಾರ್ಕ್ ಮರಿ ಹಾಕುವ ಪ್ರಾಯಕ್ಕೆ ಬರಲು ಸುಮಾರು 33 ವರ್ಷ ಬೇಕೆಂದು ಒಂದು ಅಂದಾಜು. ಕಾನೂನು ಕಾಯಬೇಕಾದ ಆ ಪ್ರಾಣಿ, ಕಾನೂನಿನಡಿಯೇ ಸ್ಥಾಪಿತವಾದ ಮಂಡಳಿಯೊಂದು ಹಾಕಿದ ಈ ಬಲೆಗಳಲ್ಲಿ ಉಸಿರುಕಟ್ಟಿ ಸಾಯುತ್ತಿದೆ. ಇದು ನನ್ನನ್ನು ಪಂಜರಕ್ಕಿಂತ ಬಹಳ ಹೆಚ್ಚು ಕಾಡುತ್ತದೆ.

ಗಾನ್ಸ್‌ಬಾಯಿಯ ದೋಣಿಗಳು ಈಗಲೂ ಹೊರಡುತ್ತವೆ. ಪಂಜರದ ಮುಂದೆ ಹೆಚ್ಚಾಗಿ ಸುಳಿಯುವುದು ಕಂಚಿನ ಬಣ್ಣದ ಬೇರೆ ಜಾತಿಯ ಶಾರ್ಕ್‌ಗಳು. ಬಲೆ ತೆಗೆಯಿರಿ, ಗಾಳದ ಸಾಲಿಗೆ ಮಿತಿ ಹಾಕಿ ಎಂದು ಕೇಳುವವರು ಮೊದಲು ಎಷ್ಟಿದ್ದವು, ಈಗ ಎಷ್ಟಿವೆ ಎಂಬುದನ್ನು ಅಧಿಕಾರಿಗಳ ಮುಂದಿಡಬೇಕಾಗುತ್ತದೆ. ಆ ಲೆಕ್ಕದ ಬಹುಪಾಲು ಈ ದೋಣಿಗಳ ದಿನಚರಿಯಲ್ಲೇ ಇದೆ.